ಗಂಡ ನಿದ್ದೆಯಲ್ಲಿ ನೋಡಿದ ಸಿನಿಮಾಗಳು

ತನ್ನದೇ ಮಾತು ಬೇರೆಯವರ ಬಾಯಲ್ಲಿ ಬಂದಾಗ ಅವಳಿಗೆ ಮೊದಲು ಅದರ ಗುರುತೇ ಸಿಗಲಿಲ್ಲ.

ಅವಳ ಕೆಲಸ ಫಿಸಿಯೋಥೆರಪಿ ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ. ಅಲ್ಲಿಗೆ ಬರುವವರ ಬಾಯಲ್ಲಿ 'ಅಯ್ಯೋ', 'ಅಮ್ಮಾ' ಬಿಟ್ಟರೆ ಹೆಚ್ಚು ಮಾತಿರುವುದಿಲ್ಲ. ಅವತ್ತು ಕತ್ತುನೋವಿನ ಹೆಂಗಸೊಬ್ಬಳು ಕೊರಳಿಗೆ ಪಟ್ಟಿ ಕಟ್ಟಿಕೊಂಡು, ಹೊಸ ಕನ್ನಡಕ ಹಾಕಿಕೊಂಡು ಸರದಿಗೆ ಕಾಯುತ್ತಿದ್ದಳು. ಗೋಡೆಯ ಟೀವಿಯಲ್ಲಿ ಯುದ್ಧದ ಸಿನಿಮಾ. ನಾಯಕನ ಎದೆಗೆ ಗುಂಡು ಬಿತ್ತು, ಅವನು ಭಾಷಣ ಶುರು ಮಾಡಿದ.

"ಶತ್ರುಗಳು ಇವನ ಕೈಯಿಂದ ಕಿತ್ಕೋಬೇಕಾಗಿದ್ದು ಬಂದೂಕಲ್ಲ ಕಣ್ರೀ, ಮೈಕು," ಎಂದು ಆ ಹೆಂಗಸು ನಕ್ಕಳು. ನಕ್ಕಿದ್ದಕ್ಕೆ ಕತ್ತು ಹಿಡಿದುಕೊಂಡಿತು. "ಅಯ್ಯೋ... ನನ್ನ ಮಾತಲ್ಲ ಇದು. ಬಸ್‌ಸ್ಟಾಪ್ ಹತ್ರ ಕನ್ನಡಕದ ಅಂಗಡಿ ಇದೆಯಲ್ಲ, ಅಲ್ಲಿಯವರದ್ದು. ಸಿನಿಮಾ ಬಗ್ಗೆ ಏನು ಮಾತಾಡ್ತಾರೆ ಅಂತೀರಿ! ಆ ಲೈಬ್ರರಿ ಮೇಡಂ ಅಂತೂ ಸಾಯಂಕಾಲ ಆದ್ರೆ ಅಲ್ಲೇ ಠಿಕಾಣಿ. ಸ್ಕ್ರೂ ಸಡಿಲ ಆಯ್ತು ಅಂತ ಬರ್ತಾರೆ, ಕತೆ ಮುಗಿಯೋವರೆಗೂ ಏಳಲ್ಲ."

ಆ ಅಂಗಡಿಯವನು ಅವಳ ಗಂಡ. ಮೈಕಿನ ಮಾತು ಅವಳದ್ದು.

ಅಂಗಡಿಗೆ ವಾರದ ರಜೆ ಇದ್ದ ಮಧ್ಯಾಹ್ನ ಇಬ್ಬರೂ ಮನೆಯಲ್ಲಿ ಕೂತು ಸಿನಿಮಾ ನೋಡುವುದು ರೂಢಿ. ನೋಡುವುದು ಅವಳು. ಅವನು ವಾರವಿಡೀ ಸಾಸಿವೆ ಕಾಳಿನಂಥ ಸ್ಕ್ರೂಗಳನ್ನು ದಿಟ್ಟಿಸಿ ದಣಿದ ಕಣ್ಣಿನವನು, ಅರ್ಧ ಸಿನಿಮಾಕ್ಕೆಲ್ಲ ಗೊರಕೆ. ಎದ್ದವನು ಬಾಯಿ ಒರೆಸಿಕೊಂಡು "ಆಮೇಲೇನಾಯ್ತು?" ಎನ್ನುತ್ತಾನೆ. ಅವಳು ಹೇಳುತ್ತಾಳೆ. ಹೇಳುವಾಗ ಸುಮ್ಮನೆ ಹೇಳಲು ಬರುವುದಿಲ್ಲ ಅವಳಿಗೆ. ದೆವ್ವದ ಸಿನಿಮಾವಾದರೆ, "ಅಷ್ಟು ಕಡಿಮೆ ಬಾಡಿಗೆಗೆ ಅಂಥ ಮನೆ ಸಿಕ್ಕಮೇಲೆ ಯಾರ್ರೀ ಬಿಡ್ತಾರೆ? ದೆವ್ವಾನೇ ಹೊಂದ್ಕೊಂಡು ಹೋಗ್ಬೇಕು." ಪ್ರೇಮದ್ದಾದರೆ, "ಅವಳು ಅವನನ್ನ ನೋಡಿದ್ದಕ್ಕಿಂತ ಕ್ಯಾಮೆರಾನ ನೋಡಿದ್ದೇ ಜಾಸ್ತಿ." ಸಂಸಾರದ್ದಾದರೆ, "ಅವರಿಗಿಂತ ಮುಂಚೆ ಪಿಟೀಲೇ ಅತ್ತುಬಿಡುತ್ತೆ. ನಮಗೆ ಅಳೋಕೆ ಏನು ಉಳಿಯಿತು?"

ಅವನ ಸ್ವಂತ ಅಭಿಪ್ರಾಯ ಎಲ್ಲಕ್ಕೂ ಒಂದೇ: "ಪರವಾಗಿಲ್ಲ."

ಹೊಟ್ಟೆಗೆ ಬೆಂಕಿ ಬಿತ್ತು. ಇನ್ನೊಬ್ಬಳು ಸಾಯಂಕಾಲ ಸಾಯಂಕಾಲ ಕೂತು ತನ್ನ ಗಂಡನ ಮಾತು ಕೇಳುತ್ತಾಳಲ್ಲ ಎಂದು ಒಂದು ಉರಿ. ಅದು ಅವನ ಮಾತೇ ಅಲ್ಲವಲ್ಲ ಎಂದು ಅದರ ಮೇಲೆ ಇನ್ನೊಂದು. ಹೊಗಳಿಕೆ ಅವನಿಗೆ, ಕೇಳುವ ಕಿವಿ ಅವನಿಗೆ. ತನಗೆ ಗೊರಕೆ.

ಮನೆಗೆ ಬಂದು ಕೇಳಿದಳು. "ಲೈಬ್ರರಿ ಮೇಡಂ ಯಾರು?"

"ಯಾರೋ ಗಿರಾಕಿ. ಯಾಕೆ?"

"ಅವರ ಸ್ಕ್ರೂ ಎಷ್ಟು ಸಲ ಸಡಿಲ ಆಗುತ್ತೆ?"

"ಹಳೇ ಫ್ರೇಮ್ ಕಣೇ. ಬದಲಾಯಿಸಿ ಅಂದ್ರೆ ಕೇಳಲ್ಲ."

ಯಾಕೆ ಬದಲಾಯಿಸುತ್ತಾಳೆ, ಎಂದುಕೊಂಡಳು.

ಮುಂದಿನ ರಜೆಯಲ್ಲಿ ನೋಡಿದ್ದು ಕಾಣೆಯಾದ ಹೆಂಡತಿಯನ್ನು ಹುಡುಕಿ ಹೊರಟ ಗಡಿಯಾರ ರಿಪೇರಿಯವನ ಸಿನಿಮಾ. ಗಂಡ ಮಾಮೂಲಿನಂತೆ ಅರ್ಧಕ್ಕೆ ಒರಗಿದ. ಸಿನಿಮಾದಲ್ಲಿ ಹೆಂಡತಿಗೆ ನೆನಪು ಹೋಗಿತ್ತು, ಆಸ್ಪತ್ರೆಯಲ್ಲಿದ್ದಳು. ಗಡಿಯಾರದವನು ಹೋಗಿ ಒಂದು ಹಾಡು ಹೇಳಿದ, ನೆನಪು ಬಂತು, ನರ್ಸುಗಳೂ ಕಣ್ಣೊರೆಸಿಕೊಂಡರು. ಗಂಡ ಎದ್ದು "ಆಮೇಲೇನಾಯ್ತು?" ಎಂದಾಗ ಅವಳು ಬೇರೆಯದನ್ನೇ ಹೇಳಿದಳು. ಅಂಗಡಿಯಲ್ಲಿ ಎಲ್ಲರೆದುರು ಅವನಿಗೆ ಒಂದು ಸಲ ಮುಖಭಂಗವಾದರೆ ಅಲ್ಲಿಗೆ ಮಾತೂ ನಿಲ್ಲುತ್ತದೆ, ಮೇಡಮ್ಮೂ ನಿಲ್ಲುತ್ತಾಳೆ ಎಂಬುದು ಲೆಕ್ಕ. ಹುಚ್ಚುಚ್ಚಾಗಿ ಏನಾದರೂ ಹೇಳಬೇಕೆಂದಿದ್ದಳು. ಬಾಯಿ ತೆರೆದರೆ ಬಂದದ್ದು ಇದು:

"ಅವಳು ಬೇರೆ ಊರಲ್ಲಿ ಸಿಗ್ತಾಳೆ ರೀ. ಒಂದು ಅಂಗಡಿ ಮುಂದೆ ಯಾರ ಜೊತೆಗೋ ನಗ್ತಾ ನಿಂತಿರ್ತಾಳೆ. ಇವನು ರಸ್ತೆ ಈಚೆಯಿಂದ ನೋಡ್ತಾನೆ. ಅಷ್ಟು ವರ್ಷ ಜೊತೆಗಿದ್ರೂ ಆ ನಗು ಇವನು ಕೇಳೇ ಇರಲ್ಲ. ಕರೆಯೋದೇ ಇಲ್ಲ, ವಾಪಸ್ ಬಂದುಬಿಡ್ತಾನೆ."

"ಅಷ್ಟೇನಾ?"

"ಅಷ್ಟೇ."

"ಪರವಾಗಿಲ್ಲ," ಎಂದು ಅವನು ಮೈ ಮುರಿದ.

ಮರುದಿನ ಅರ್ಧ ದಿನದ ರಜೆ ಹಾಕಿ ಸಾಯಂಕಾಲ ಅಂಗಡಿಗೆ ಹೋದಳು. ತಲೆನೋವು, ಕಣ್ಣು ಪರೀಕ್ಷೆ ಮಾಡಿಸಬೇಕು ಎಂಬ ನೆವ. ಫ್ರೇಮುಗಳ ಗಾಜಿನ ಕಪಾಟಿನ ಎದುರು ಪಕ್ಕದಂಗಡಿಯ ಟೈಲರಣ್ಣ ಅಳತೆ ಪಟ್ಟಿಯನ್ನು ಕೊರಳಲ್ಲೇ ಬಿಟ್ಟುಕೊಂಡು ಕೂತಿದ್ದ. ಲೆನ್ಸ್ ತಗೊಳ್ಳಲು ಬಂದ ಕಾಲೇಜು ಹುಡುಗಿಯೊಬ್ಬಳಿದ್ದಳು. ಮೂಲೆಯ ಸ್ಟೂಲಿನಲ್ಲಿ ಲೈಬ್ರರಿ ಮೇಡಂ. ಇವಳು ಊಹಿಸಿದಂತೇನೂ ಅವರಿರಲಿಲ್ಲ. ನರೆತ ಕೂದಲು, ಮಡಿಲಲ್ಲಿ ಊಟದ ಡಬ್ಬಿಯ ಚೀಲ. ಕನ್ನಡಕ ಕಳಚಿಕೊಟ್ಟಿದ್ದರಿಂದ ಕಣ್ಣು ಕಿರಿದು ಮಾಡಿಕೊಂಡು ಇವಳನ್ನು ನೋಡಿ ನಕ್ಕರು. ಅಂದಗಾತಿಯಾಗಿದ್ದರೆ ಎಷ್ಟೋ ವಾಸಿಯಿತ್ತು. ಇದಕ್ಕೆ ಏನೆಂದು ಸಿಟ್ಟು ಮಾಡುವುದು?

ಗಂಡ ಅವಳನ್ನು ನೋಡಿ "ಬಾ, ಕೂತ್ಕೋ" ಎಂದವನು ಕೈಯಲ್ಲಿದ್ದ ಕನ್ನಡಕದ ಕಡ್ಡಿಯನ್ನು ಬಿಸಿಗಾಳಿಗೆ ಹಿಡಿದು ಬಾಗಿಸುತ್ತ ಮಾತು ಮುಂದುವರಿಸಿದ. ಎಂಥ ಮಾತು! ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸುತ್ತಾನೆ, ಎಲ್ಲಿ ದನಿ ಇಳಿಸಬೇಕೋ ಅಲ್ಲಿ ಇಳಿಸುತ್ತಾನೆ. ಇಂಥವನು ಮನೆಯಲ್ಲಿ ಎಲ್ಲಿ ಅಡಗಿರುತ್ತಾನೆ?

"...ಆ ನಗು ಅವನು ಕೇಳೇ ಇರಲ್ಲ. ಕರೆಯೋದೇ ಇಲ್ಲ. ವಾಪಸ್ ಬಂದುಬಿಡ್ತಾನೆ."

ಟೈಲರಣ್ಣ "ಛೆ ಛೆ" ಎಂದ.

"ಅಲ್ವಲ್ಲ ಅಂಕಲ್," ಎಂದಳು ಕಾಲೇಜು ಹುಡುಗಿ. "ಅವಳಿಗೆ ನೆನಪು ಹೋಗಿರುತ್ತೆ. ಆಸ್ಪತ್ರೆ ಸೀನ್ ಬರುತ್ತಲ್ಲ? ನೀವು ನೋಡಿದ್ದೀರೋ, ಬರೀ ಬುರುಡೆ ಬಿಡ್ತಿದ್ದೀರೋ?"

ಗಂಡನ ಕೈ ನಿಂತಿತು. ಮುಖ ಕಿವಿಯವರೆಗೆ ಕೆಂಪೇರಿತು. ಅವನು ಹೆಂಡತಿಯ ಕಡೆ ನೋಡಿದ. ಅವಳು ಗೋಡೆಯ ಮೇಲಿದ್ದ ಅಕ್ಷರಗಳ ಬೋರ್ಡನ್ನು ಓದತೊಡಗಿದಳು.

"ಆಸ್ಪತ್ರೆಯದ್ದು ಆಮೇಲೆ ಸೇರಿಸಿದ್ದಮ್ಮಾ," ಎಂದಿತು ಮೂಲೆಯ ದನಿ. ಲೈಬ್ರರಿ ಮೇಡಂ. "ಜನ ಅಳ್ತಾರೆ ಅಂತ ಬದಲಾಯಿಸಿದ್ರು. ಮೊದಲು ಬಂದಾಗ ಇವರು ಹೇಳಿದ ಹಾಗೇ ಇತ್ತು. ನಾನೇ ಥಿಯೇಟರಲ್ಲಿ ನೋಡಿದ್ದೀನಿ."

"ಹೌದಾ ಆಂಟಿ? ಅದೇ ಚೆನ್ನಾಗಿತ್ತು ಬಿಡಿ," ಎಂದು ಹುಡುಗಿ ಲೆನ್ಸಿನ ಪೊಟ್ಟಣ ತೆಗೆದುಕೊಂಡು ಹೋದಳು.

ಕಣ್ಣು ಮಿಟುಕಿಸದೆ ಹೇಳಿದ ಹಸಿ ಸುಳ್ಳು. ತನ್ನ ಗಂಡನ ಮಾನ ಕಾಯಲು ಇನ್ನೊಬ್ಬಳು ಹೇಳಿದ ಸುಳ್ಳು. ಅದನ್ನು ಹೇಳಬೇಕಾದವಳು ಬೋರ್ಡು ಓದುತ್ತಿದ್ದಳು. ಹೊಟ್ಟೆಯ ಉರಿ ಆರಲಿಲ್ಲ. ಇನ್ನಷ್ಟು ಆಳಕ್ಕೆ ಇಳಿಯಿತು.

ಮೇಡಂ ಕನ್ನಡಕ ಹಾಕಿಕೊಂಡು ಹೊರಟಾಗ ಅವಳೂ ಬಾಗಿಲವರೆಗೆ ಹೋದಳು.

"ಯಾಕೆ ಹಾಗೆ ಹೇಳಿದ್ರಿ?"

"ಕೊನೆ ನೀವೇ ಕಟ್ಟಿದ್ದಲ್ವಾ?" ಎಂದರು ಮೇಡಂ ಮೆಲ್ಲಗೆ. "ಅರ್ಧಕ್ಕೇ ನಿದ್ದೆ ಬಂದುಬಿಡುತ್ತೆ ಅಂತ ಅವರೇ ಒಂದ್ಸಲ ಬಾಯಿಬಿಟ್ಟಿದ್ರು. ಹಾಗಾದ್ರೆ ಉಳಿದರ್ಧ ಯಾರು ಹೇಳ್ತಾರೆ ಅಂತ ಯೋಚಿಸ್ತಿದ್ದೆ. ಸಿನಿಮಾದ್ದಕ್ಕಿಂತ ನಿಮ್ಮದೇ ಚೆನ್ನಾಗಿದೆ." ಚೀಲವನ್ನು ಹೆಗಲಿಗೇರಿಸಿ, "ಆದ್ರೆ ಪಾಪ, ಅವರನ್ನ ಹೀಗೆ ಸಿಕ್ಕಿಹಾಕಿಸಬೇಡಿ," ಎಂದು ರಸ್ತೆ ದಾಟಿದರು.

ಬೇಕಾಗಿದ್ದ ಹೊಗಳಿಕೆ ಕೊನೆಗೂ ಸಿಕ್ಕಿತು. ಸಿಕ್ಕಿದ್ದು ಯಾರಿಂದ ಬೇಡವಾಗಿತ್ತೋ ಅವರಿಂದ, ಮೇಲೊಂದು ಬುದ್ಧಿಮಾತಿನ ಸಮೇತ.

ಮುಂದಿನ ರಜೆಯಲ್ಲಿ ಒಂದು ಕೊಲೆ ಸಿನಿಮಾ. ಅವನ ತಲೆ ವಾಲಿದಾಗಲೆಲ್ಲ ಮೊಣಕೈಯಿಂದ ತಿವಿದು ಕೊನೆಯವರೆಗೂ ಕೂರಿಸಿದಳು. ಎಲ್ಲರಿಗೂ ಟೀ ಕೊಟ್ಟು ತಾನು ಮಾತ್ರ ಕುಡಿಯದವನೇ ಕೊಲೆಗಾರ ಎಂಬುದು ಅವಳಿಗೆ ಮೊದಲ ಸೀನಿನಲ್ಲೇ ಹೊಳೆದಿತ್ತು. ಅದರ ಬಗ್ಗೆ ಒಳ್ಳೆಯ ಮಾತೊಂದು ನಾಲಿಗೆಯ ತುದಿಗೆ ಬಂದು ನಿಂತಿತ್ತು. ನುಂಗಿದಳು.

"ಹೇಗಿತ್ತು?" ಎಂದು ಕೇಳಿದಳು.

"ಪರವಾಗಿಲ್ಲ. ನೀನೇನಂತೀಯಾ?"

"ನಾನು ಹೇಳಿದ್ದು ಅಂತ ಅಂಗಡೀಲಿ ಯಾವತ್ತಾದ್ರೂ ಹೇಳಿದ್ದೀರಾ?"

ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಯಾರೂ ಕೇಳಲಿಲ್ವಲ್ಲೇ."

"ಹಾಗಾದ್ರೆ ಇನ್ಮೇಲೆ ನಿಮ್ಮದೇ ಹೇಳಿ."

"ಬರೀ ಪರವಾಗಿಲ್ಲ ಅಂದ್ರೆ ಅಂಗಡಿಗೆ ಯಾರು ಬರ್ತಾರೆ?"

"ಕಣ್ಣು ಕಾಣದವರು ಬರ್ತಾರೆ," ಎಂದು ಅವಳು ಟೀವಿ ಆರಿಸಿದಳು.