ಒಡೆದವರ ಹೆಸರು

ಪಂಪು ತಯಾರಿಸುವ ಆ ಕಾರ್ಖಾನೆಯ ಉಗ್ರಾಣದ ಕಿಟಕಿಯಲ್ಲಿ ಇಪ್ಪತ್ತೆರಡು ವರ್ಷ ಕೂತವನಿಗೆ ಎಲ್ಲರೂ ಇಟ್ಟ ಹೆಸರು ಪಕ್ಕಾ. ಅಲ್ಲಿಂದ ಸ್ಪ್ಯಾನರ್ ಒಯ್ದವನು ಸಂಜೆಯೊಳಗೆ ಅದೇ ಸ್ಪ್ಯಾನರ್ ತಂದೊಪ್ಪಿಸಬೇಕು. ಡ್ರಿಲ್ ಬಿಟ್ ಮುರಿದರೆ ಎರಡೂ ತುಂಡು ತರಬೇಕು, ಜೊತೆಗೆ ಯಾರು ಮುರಿದರು, ಹೇಗೆ ಮುರಿದರು ಎಂಬ ಕಾಗದ. ಆಳೆತ್ತರದ ಫಿಟ್ಟರುಗಳೂ ಆ ಕಿಟಕಿಯ ಮುಂದೆ ಬಾಲ ಮುದುರಿ ನಿಲ್ಲುತ್ತಿದ್ದರು.

ಹೊಸದಾಗಿ ಸೇರಿದ ತೊಂಬತ್ತು ಅಂಕದ ಹುಡುಗರು ಬೋಲ್ಟನ್ನು ಯಾವ ಕಡೆ ತಿರುಗಿಸಿದರೆ ಸಡಿಲವಾಗುತ್ತದೆಂದು ತಿಳಿಯದೆ ಮುಖ ಮುಖ ನೋಡಿಕೊಂಡಾಗ ಮಾಲೀಕರಿಗೆ ತಲೆ ಕೆಟ್ಟಿತು. 'ವಿಜ್ಞಾನ ಓದಿ ಬರಲ್ಲ, ಮಾಡಿದ್ರೆ ಬರುತ್ತೆ' ಎಂದು ಕೈಗಾರಿಕಾ ಸಂಘದ ಸಭೆಗಳಲ್ಲಿ ಗಂಟಲು ಹರಿದುಕೊಂಡರು. ನಲವತ್ತು ಶಾಲೆಗಳಿಗೆ ಒಂದೊಂದು ಪ್ರಯೋಗದ ಪೆಟ್ಟಿಗೆ ಕೊಟ್ಟರು. ಉಸ್ತುವಾರಿ ಪಕ್ಕಾನದು. ಅವನು ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಷರತ್ತುಗಳನ್ನು ಬರೆದ. ಆರನೆಯದು: ಏನಾದರೂ ಒಡೆದಲ್ಲಿ ತುಂಡುಗಳನ್ನು, ಒಡೆದವರ ಹೆಸರು ಮತ್ತು ಕಾರಣ ಸಹಿತ, ಕಾರ್ಖಾನೆಗೆ ಕಳಿಸತಕ್ಕದ್ದು.

ವರ್ಷ ಕಳೆಯಿತು. ಒಡೆದದ್ದು ಸೊನ್ನೆ. ಮಾಲೀಕರು ಹಿರಿಹಿರಿ ಹಿಗ್ಗಿದರು. ಬರುವ ಸೋಮವಾರ ಸಂಘದವರು ಶಿಕ್ಷಣ ಕಾರ್ಯದರ್ಶಿಯನ್ನು ಕಂಡು, ಇದೇ ಪೆಟ್ಟಿಗೆಯನ್ನು ಇದೇ ಷರತ್ತುಗಳೊಂದಿಗೆ ಎಲ್ಲ ಶಾಲೆಗಳಿಗೂ ಕಡ್ಡಾಯ ಮಾಡಿಸುವುದೆಂದು ನಿಶ್ಚಯವಾಯಿತು. "ಆ ಸೊನ್ನೇನ ನೀವೇ ಎದ್ದು ನಿಂತು ಓದ್ಬೇಕು ಪಕ್ಕಾ," ಎಂದರು ಮಾಲೀಕರು.

ತೋರಿಸಲು ಒಂದು ಫೋಟೋ ಬೇಕಿತ್ತು. ಶುಕ್ರವಾರ ಪಕ್ಕಾ ಕ್ಯಾಮೆರಾ ಹಿಡಿದು, ತನ್ನ ಅಕ್ಕ ವಿಜ್ಞಾನ ಕಲಿಸುವ ಶಾಲೆಗೆ ಹೋದ. ಪೆಟ್ಟಿಗೆ ಹೆಡ್‌ಮಾಸ್ಟರ ಕೋಣೆಯ ಮೂಲೆಯಲ್ಲಿತ್ತು. ಮೇಲೊಂದು ಹೂಕುಂಡ.

"ಇದನ್ನ ತೆಗೆದು ಎಷ್ಟು ದಿನ ಆಯ್ತಕ್ಕಾ?"

"ದಿನ ಅಲ್ಲಪ್ಪ, ತಿಂಗಳು ಕೇಳು. ಆದ್ರೆ ಉಪಯೋಗ ಇಲ್ಲ ಅನ್ಬೇಡ, ಗಿಡ ನೋಡು ಹೇಗೆ ಹಬ್ಬಿದೆ!"

ಅಕ್ಕ ಏಳನೇ ತರಗತಿಯ ನಾಲ್ಕು ಹುಡುಗಿಯರನ್ನು ಕರೆತಂದಳು. ಪಕ್ಕಾ ಒಂದು ಮಸೂರ ತೆಗೆದು ಕನ್ನಡಕದ ಹುಡುಗಿಯ ಮುಂದೆ ಚಾಚಿದ. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಹಿಡ್ಕೊಳಮ್ಮ, ಕಚ್ಚಲ್ಲ."

"ಬೇಡ ಸಾರ್. ಇವಳಿಗೆ ಕೊಡಿ."

ಇವಳೂ ಒಂದು ಹೆಜ್ಜೆ ಹಿಂದೆ ಸರಿದಳು.

"ಫೋಟೋಕ್ಕಷ್ಟೇ. ಏನೂ ಮಾಡೋದು ಬೇಡ, ಸುಮ್ನೆ ಹಿಡ್ಕೊಂಡ್ರೆ ಸಾಕು," ಎಂದ ಪಕ್ಕಾ. ಅಂದ ಮೇಲೆ ಆ ಮಾತು ಅವನಿಗೇ ಒಂಥರಾ ಕೇಳಿಸಿತು.

ಅಕ್ಕ ಅವನನ್ನು ವರಾಂಡಕ್ಕೆ ಕರೆದೊಯ್ದಳು. "ಗಾಜಿನ ನಳಿಕೆ ಒಡೆದವಳು ಅವಳೇ ಕಣೋ. ಮೊದಲನೇ ವಾರ. ನೀರು ತಾನಾಗೇ ಮೇಲೆ ಹೇಗೆ ಏರುತ್ತೆ ಅಂತ ಬೆಳಕಿಗೆ ಹಿಡಿದು ನೋಡ್ತಿದ್ಲು, ಜಾರಿತು. ತುಂಡು ಕಳಿಸಿದ್ರೆ ನಿನ್ನ ಸಹಿ ಹಾಕಿದ ಕಾಗದ ಬಂತು, 'ಹೆಸರು ನಮೂದಿಸಿಲ್ಲ' ಅಂತ. ನಾನೂ ಹೆದರ್ಕೊಂಡು ಬರೆದೆ. ಹೆಡ್‌ಮಾಸ್ಟ್ರು ಬೆಳಗಿನ ಪ್ರಾರ್ಥನೆ ಸಾಲಿನಲ್ಲಿ ಎಲ್ಲರ ಮುಂದೆ ಅದನ್ನ ಓದಿಸಿದ್ರು. ಅವಳ ಕೈಲೇ."

"ನಂಗ್ಯಾಕೆ ಹೇಳ್ಲಿಲ್ಲ?"

"ಯಾರಿಗೆ ಹೇಳ್ಲಿ? ತಮ್ಮನಿಗೋ, ಸಹಿಗೋ?"

ಪಕ್ಕಾನಿಗೆ ನೆನಪಿತ್ತು. ಅಕ್ಕನ ಅಕ್ಷರ ಕಂಡು, ಅವಳಿಗೇಕೆ ಕಪ್ಪು ಚುಕ್ಕೆ ಎಂದು 'ಸಾಗಣೆಯಲ್ಲಿ ಒಡೆದದ್ದು' ಎಂದು ದಾಖಲಿಸಿದ್ದ. ಅಕ್ಕ ಉಳಿದಳು, ಸೊನ್ನೆಯೂ ಉಳಿಯಿತು. ಆ ಕಾಗದದಲ್ಲಿ ಇನ್ನೊಂದು ಹೆಸರಿತ್ತೆಂಬುದು ಮಾತ್ರ ಅವನ ತಲೆಗೇ ಹೊಳೆದಿರಲಿಲ್ಲ.

ಶನಿವಾರ ಉಳಿದ ಶಾಲೆಗಳಿಗೆ ಫೋನು ಮಾಡಿದ. "ಭದ್ರವಾಗಿದೆ ಸಾರ್, ಸೀಲು ಕೂಡ ಒಡೆದಿಲ್ಲ!" ಎಂದು ಒಬ್ಬೊಬ್ಬರೂ ಬೆನ್ನು ತಟ್ಟಿಸಿಕೊಳ್ಳುವವರಂತೆ ಹೇಳಿದರು. ಪಕ್ಕಾ ಎರಡು ಸಲ ಮಾಲೀಕರ ಬಾಗಿಲವರೆಗೆ ಹೋದ. ಒಳಗೆ ಅವರು ಯಾರ ಜೊತೆಗೋ ಸೊನ್ನೆಯ ವಿಷಯವನ್ನೇ ನಗುನಗುತ್ತಾ ಹೇಳುತ್ತಿದ್ದರು. ಎರಡು ಸಲವೂ ವಾಪಸು ಬಂದ.

ಸೋಮವಾರ ಕಾರ್ಯದರ್ಶಿ ಹುಬ್ಬೇರಿಸಿದರು. "ಮಕ್ಕಳ ಕೈಲಿ ಒಂದೂ ಒಡೆದಿಲ್ವಾ?"

ಪಕ್ಕಾ ಎದ್ದು ನಿಂತ. "ಒಂದು ಒಡೆದಿದೆ ಸಾರ್, ನಾನು ಮುಚ್ಚಿಟ್ಟೆ. ಮಿಕ್ಕಿದ್ದು ಒಡೀಬೇಕಾದ್ರೆ ಯಾರಾದ್ರೂ ಮುಟ್ಬೇಕಲ್ಲ? ಆರನೇ ಷರತ್ತು ನಂದು. ಅದನ್ನ ಎಲ್ಲಾ ಶಾಲೆಗೂ ಹಾಕ್ಬೇಡಿ."

ಕಾರ್ಯದರ್ಶಿ ಮರ್ಯಾದೆಯಿಂದಲೇ ಫೈಲಿನ ದಾರ ಕಟ್ಟಿದರು. "ಹಾಗಾದ್ರೆ ಮುಂದಿನ ವರ್ಷ ನೋಡೋಣ."

ಕಾರಿನಲ್ಲಿ ಮಾಲೀಕರು ಕೂಗಾಡಲಿಲ್ಲ. "ಶನಿವಾರ ಹೇಳಿದ್ರೆ ಆ ಒಂದು ಸಾಲು ಹೊಡೆದು ಹಾಕ್ತಿದ್ದೆ ಕಣ್ರೀ. ಈಗ ಬೇರೆ ಯಾವ ಶಾಲೆಗೂ ಪೆಟ್ಟಿಗೆ ಇಲ್ಲ."

ಷರತ್ತು ರದ್ದಾಗಿದೆಯೆಂದು ಪಕ್ಕಾ ಮೂವತ್ತೊಂಬತ್ತು ಶಾಲೆಗಳಿಗೆ ಕಾಗದ ಹಾಕಿದ. ಅಕ್ಕನ ಶಾಲೆಗೆ ತಾನೇ ಹೋದ. ತಪ್ಪು ಎಲ್ಲರೆದುರು ಆದದ್ದು, ಒಪ್ಪಿಕೊಳ್ಳುವುದೂ ಎಲ್ಲರೆದುರೇ ಆಗಬೇಕೆಂದು ಬೆಳಗಿನ ಸಾಲಿನ ಮುಂದೆ ನಿಂತು ಓದಿದ. ಕಾಗದ ಪಕ್ಕಾ ಆಗಿತ್ತು. ತಾರೀಖು, ತರಗತಿ, ಒಡೆದ ವಸ್ತು, ಆಮೇಲೆ ಹುಡುಗಿಯ ಪೂರ್ತಿ ಹೆಸರು, 'ಈಕೆಯದು ಯಾವ ತಪ್ಪೂ ಇಲ್ಲ'.

ಹೆಸರು ಕೇಳಿದ್ದೇ ತಡ, ಮುನ್ನೂರು ತಲೆಗಳು ಒಟ್ಟಿಗೆ ಅವಳ ಕಡೆ ತಿರುಗಿದವು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹುಡುಗಿಯ ಕಿವಿ ಕೆಂಪಾಗಿ, ಕನ್ನಡಕ ನೆಲ ನೋಡಿತು. ಅಕ್ಕ ಕಣ್ಣು ಮುಚ್ಚಿಕೊಂಡಳು.

ಪಕ್ಕಾ ಕಾಗದದಿಂದ ತಲೆ ಎತ್ತಿದ. ಇನ್ನೂ ಮೂರು ಸಾಲು ಓದುವುದು ಬಾಕಿಯಿತ್ತು, ಅವಳ ಹೆಸರು ಇನ್ನೆರಡು ಸಲ ಬರುವುದಿತ್ತು.