ಫ್ಲಾಯ್ಡ್ ಹೋದ ಮೇಲಿನ ಮಾರಾಟ

ದುಬೈಯ ಮೊದಲ ಕೊಂಕಣಿ ರಾಕ್ ಬ್ಯಾಂಡ್ ಎಂದು ತಮ್ಮನ್ನು ತಾವೇ ಕರೆದುಕೊಂಡಿದ್ದ ‘ಖಾರೆಂ ಉದಾಕ್’, ಅಂದರೆ ಉಪ್ಪುನೀರು, 2012ರಲ್ಲಿ ಸಾವಿರ ಸೀಡಿ ಹಾಕಿಸಿತ್ತು. ಎರಡು ವರ್ಷದಲ್ಲಿ ಹೋದದ್ದು ಅರವತ್ತೊಂದು; ಅದರಲ್ಲಿ ನಲವತ್ತು ನೆಂಟರಿಗೆ. ಉಳಿದವು ಅಲ್ ಕೂಜ್‌ನ ಜಲೀಲನ ಗೋದಾಮಿನಲ್ಲಿ, ಲಾರಿಯ ಬ್ರೇಕ್ ಪ್ಯಾಡುಗಳ ಮೇಲೆ ಕೂತು ಧೂಳು ತಿನ್ನುತ್ತಿದ್ದವು. ಆಮೇಲೆ ಹಾಡುಗಾರ ಫ್ಲಾಯ್ಡ್, ಮೂವತ್ತೊಂಬತ್ತನೇ ವಯಸ್ಸಿಗೆ, ಬ್ಯಾಡ್ಮಿಂಟನ್ ಆಡುವಾಗ ಬಿದ್ದವನು ಏಳಲಿಲ್ಲ. ಐದು ವಾರದಲ್ಲಿ ಗೋದಾಮು ಖಾಲಿ.

“ಎಂತ ಮಾಡಿದ್ರಿ ವಿಕ್ಟರಣ್ಣ?” ಎಂದ ಜಲೀಲ್.

“ನಾವು ಎಂತದೂ ಮಾಡ್ಲಿಲ್ಲ. ಮಾಡಿದ್ದೆಲ್ಲ ಫ್ಲಾಯ್ಡ್.”

ವಿಕ್ಟರ್ ಹಗಲು ಹೋಟೆಲೊಂದರ ಲಾಂಡ್ರಿ ನೋಡಿಕೊಳ್ಳುತ್ತಿದ್ದ. ರಜೆಯ ದಿನ ಬ್ಯಾಂಡಿಗೆ ಬೇಸ್ ಗಿಟಾರ್ ನುಡಿಸುತ್ತಿದ್ದ. ಡ್ರಮ್ ಬಾರಿಸುವ ಆಲ್ವಿನ್ ದಿನಾ ಫೋನ್ ಮಾಡುತ್ತಿದ್ದ: “ಇನ್ನೊಂದು ಸಾವಿರ ಹಾಕಿಸುವ ಮಾರಾಯ. ಹಾಡ್ಲಿಕ್ಕೆ ಯುಜಿನ್ ತಯಾರುಂಟು. ಜನ ಈಗ ನಮ್ಮನ್ನು ಕೇಳ್ತಾ ಇದ್ದಾರೆ! ಶುಕ್ರವಾರದೊಳಗೆ ಹೂಂ ಅನ್ನು.”

ಹೂಂ ಅಂದರೆ ಬ್ಯಾಂಡ್ ಉಳಿಯುತ್ತದೆ, ಇಲ್ಲದಿದ್ದರೆ ಖಲಾಸ್. ವಿಕ್ಟರನಿಗೆ ಹುಳ ಹೊಕ್ಕಿದ್ದು ‘ಕೇಳ್ತಾ ಇದ್ದಾರೆ’ ಎಂಬ ಮಾತಿನಲ್ಲಿ. ಕೊಳ್ಳುವುದು ಕಂಡಿತ್ತು. ಕೇಳುವುದು?

ಪರೀಕ್ಷೆಗೆ ಒಂದು ದಾರಿ ಇತ್ತು. ಆ ಸೀಡಿಯಲ್ಲಿ ಕೆಟ್ಟುಹೋದ ರೆಕಾರ್ಡಿಂಗ್ ಒಂದು ತಪ್ಪಿ ಸೇರಿಕೊಂಡಿತ್ತು. ನಾಲ್ಕನೇ ಹಾಡು ಅರ್ಧಕ್ಕೇ ನಿಂತು, “ಆಲ್ವಿನ್, ಡ್ರಮ್ ಬಾರಿಸ್ತೀಯೋ, ಕೊತ್ತಂಬರಿ ಕುಟ್ತೀಯೋ?” ಎಂದು ಫ್ಲಾಯ್ಡ್ ಬೈದು ಮುಗಿಯುತ್ತಿತ್ತು. ಇವರಿಗೆ ಗೊತ್ತಾಗುವಾಗ ಸಾವಿರವೂ ಬಂದಾಗಿತ್ತು. ಇವತ್ತಿನವರೆಗೆ ಒಬ್ಬರೂ ದೂರಿರಲಿಲ್ಲ.

ಶುಕ್ರವಾರ ಅಲ್ಲಿ ವಾರದ ರಜೆ; ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ವಿಕ್ಟರ್ ಸೀಡಿ ಕೊಂಡವರನ್ನು ಹಿಡಿದು, ನಾಲ್ಕನೇ ಹಾಡು ಹೇಗಿತ್ತೆಂದು ಕೇಳಿದ. ಡೆಲ್ಫಿನ್ ಎದೆಗೆ ಕೈ ಇಟ್ಟುಕೊಂಡು, “ಕಣ್ಣಲ್ಲಿ ನೀರು ಬಂತು” ಎಂದಳು. ಅವಳ ಗಂಡ, “ಮಧ್ಯದಲ್ಲಿ ಎಲ್ಲೂ ನಿಲ್ಲುವುದೇ ಇಲ್ಲ, ಹೊಳೆಯ ಹಾಗೆ” ಎಂದ.

ಅಲ್ಲಿ ಸಿಕ್ಕ ಮಾರ್ಟಿನಾ ಆಂಟಿಯನ್ನು ಅಲ್ ನಹ್ದಾದಲ್ಲಿರುವ ಮಗನ ಫ್ಲ್ಯಾಟಿಗೆ ಬಿಡಲು ವಿಕ್ಟರ್ ಹೋದ. ಎಪ್ಪತ್ತರ ಹೆಂಗಸು, ನಿವೃತ್ತ ನರ್ಸ್. ಮನೆಯ ಅಲ್ತಾರಿನಲ್ಲಿ, ಅಂದರೆ ದೇವರ ಪೀಠದಲ್ಲಿ, ಏಸುವಿನ ಪಟದ ಕೆಳಗೆ, ಕೆಂಪು ಬಲ್ಬಿನ ಬೆಳಕಿನಲ್ಲಿ, ಎರಡು ಸೀಡಿ. ಪ್ಲಾಸ್ಟಿಕ್ ಹೊದಿಕೆಯೂ ಬಿಚ್ಚಿರಲಿಲ್ಲ.

“ಕೇಳ್ಲಿಲ್ವಾ ಆಂಟಿ?”

“ಕೇಳ್ಲಿಕ್ಕೆ ಎಂತ ಉಂಟು ಪುತಾ? ಅವನನ್ನು ಕಾರ್ಗೋದಲ್ಲಿ ಮಂಗಳೂರಿಗೆ ಕಳಿಸಿಬಿಟ್ರು. ನಾವು ಒಂದು ಹಿಡಿ ಮಣ್ಣು ಹಾಕಿದ್ವಾ, ಒಂದು ಹೂ ಇಟ್ವಾ? ಏನಾದ್ರೂ ಒಂದು ಮಾಡ್ಬೇಕಲ್ಲ.”

ವಿಕ್ಟರ್ ಸೋಫಾದಲ್ಲಿ ಕೂತ. ಹಾಗಾದರೆ ಹೋದದ್ದು ಒಂಬೈನೂರು ಹೂಮಾಲೆ. ಹೂಮಾಲೆಯನ್ನು ಯಾರಾದರೂ ಕಿವಿಗಿಟ್ಟು ಕೇಳುತ್ತಾರೆಯೇ?

“ಒಂದ್ಸಲ ಕೇಳಿ ಆಂಟಿ. ನನಗೋಸ್ಕರ.”

ಮನೆಯಲ್ಲಿ ಸೀಡಿ ಹಾಕುವ ಯಂತ್ರವಿರಲಿಲ್ಲ. ಒಂದು ಸೀಡಿಯ ಹೊದಿಕೆ ಬಿಚ್ಚಿ, ಇಬ್ಬರೂ ಲಿಫ್ಟ್ ಇಳಿದು ಅವನ ಕಾರಿನಲ್ಲಿ ಎಸಿ ಹಾಕಿಕೊಂಡು ಕೂತರು. ಮೊದಲ ಹಾಡಿಗೆ ಆಂಟಿ ಜಪಮಾಲೆ ತೆಗೆದಳು. ಎರಡನೆಯದಕ್ಕೆ ಕಿವಿ ಮುಚ್ಚಿದಳು. ನಾಲ್ಕನೆಯದರಲ್ಲಿ ಕೊತ್ತಂಬರಿ ಬಂದಾಗ ಹೊಟ್ಟೆ ಹಿಡಿದು ನಕ್ಕಳು. ವಿಕ್ಟರ್ ನಿಲ್ಲಿಸಲು ಹೋದರೆ ಕೈ ತಡೆದಳು: “ತೆರೆದಾಗಿದೆಯಲ್ಲ, ಪೂರ್ತಿ ಆಗ್ಲಿ.”

ಒಂಬತ್ತೂ ಹಾಡು ಮುಗಿದವು.

“ಬೇಜಾರು ಮಾಡ್ಬೇಡ ಪುತಾ. ಬರೀ ಬೊಬ್ಬೆ. ಅದ್ರಲ್ಲೂ ಕೆಳಗಿಂದ ಡುಂ ಡುಂ ಅಂತ ಬರ್ತದಲ್ಲ, ಅದು ಯಾರ್ದು? ಅದಿಲ್ಲದಿದ್ರೆ ಹುಡುಗನ ದನಿಯಾದ್ರೂ ಸರಿ ಕೇಳ್ತಿತ್ತು.”

“ಅದು ನಂದು ಆಂಟಿ.”

“ಹಾಗಾದ್ರೆ ಸ್ವಲ್ಪ ಮೆಲ್ಲ ಬಾರಿಸು.”

ಆಂಟಿಯನ್ನು ಮೇಲೆ ಬಿಟ್ಟು ಬಂದು ವಿಕ್ಟರ್ ಆಲ್ವಿನ್‌ಗೆ ಫೋನ್ ಹಚ್ಚಿದ.

“ಹಳೇದು ಇನ್ನು ಹಾಕಿಸುವುದು ಬೇಡ. ಯುಜಿನ್‌ನನ್ನು ಕರಿ, ಹೊಸ ಹಾಡು ಮಾಡುವ.”

“ಏನಾಯ್ತು ಮಾರಾಯ?”

“ಒಬ್ಬರು ಕೇಳಿದ್ರು. ಮೊದಲಿಂದ ಕೊನೇವರೆಗೆ.”

“ಹೌದಾ! ಎಂತ ಹೇಳಿದ್ರು?”

“ಒಂದೂ ಹಿಡಿಸ್ಲಿಲ್ಲವಂತೆ,” ಎಂದ ವಿಕ್ಟರ್. ಅವನ ದನಿಯಲ್ಲಿ ಇಷ್ಟೊಂದು ಖುಷಿ ಯಾಕೆಂದು ಆಲ್ವಿನ್‌ಗೆ ತಿಳಿಯಲಿಲ್ಲ.