ಗೇಟಿಗೆ ಅಂಟಿಸಿದ ವರದಿ

"ಒಂದೇ ಒಂದು ಸಲ ತೆಗೀರಪ್ಪ, ಮುಖ ನೋಡಿ ಬಿಟ್ಬಿಡ್ತೀನಿ" ಎನ್ನುತ್ತ ತಾಯಿ ಪೆಟ್ಟಿಗೆಯ ಮುಚ್ಚಳದ ಸಂದಿಗೆ ಉಗುರು ಹಾಕಿದಳು. ಆರೋಗ್ಯ ಇಲಾಖೆಯವನು ಅಡ್ಡ ಬಂದ.

"ಆಗಲ್ಲಮ್ಮ. ವಿಮಾನದಿಂದ ಹೇಗೆ ಇಳೀತೋ ಹಾಗೇ ಮಣ್ಣು ಮಾಡ್ಬೇಕು."

"ನನ್ನ ಮಗಳು ಕಣಪ್ಪ. ಓದೋಕೆ ಹೋದವಳು."

ಅವನು ಸ್ಮಶಾನದ ಗೇಟಿನ ಕಡೆ ಕೈ ತೋರಿಸಿದ. "ನಾನು ಹೇಳ್ತಿರೋದಲ್ಲ ಇದು. ನಿಮ್ಮ ಮಗಳೇ ಬರೆದಿರೋದು."

ಗೇಟಿನ ಮೇಲೆ ಪತ್ರಿಕೆಯ ತುಂಡೊಂದಿತ್ತು. 'ಸೋಂಕಿನಿಂದ ಸತ್ತವರ ಪೆಟ್ಟಿಗೆ ತೆರೆಯಬೇಡಿ.' ಪಕ್ಕದಲ್ಲಿ ಮಗಳ ಫೋಟೊ.

ಮನೆಯಲ್ಲಿ ಅವಳಿಗೆ ಪ್ರಶ್ನೆಪತ್ರಿಕೆ ಎಂದೇ ಹೆಸರು. ಹಾಲಿನವನನ್ನೂ ಬಿಡದೆ ತಲೆ ತಿನ್ನುತ್ತಿದ್ದಳು. ಅದನ್ನೇ ಕಸುಬು ಮಾಡಿಕೊಳ್ಳುತ್ತೇನೆಂದು ಹಟ ಹಿಡಿದು, ಆರೋಗ್ಯದ ಸುದ್ದಿ ಬರೆಯುವುದನ್ನು ಕಲಿಯಲು ಪರದೇಶಕ್ಕೆ ಹೋದಳು. ಅವಳು ಹೋದ ವರ್ಷವೇ ಅಲ್ಲಿ ರೋಗ ಹಬ್ಬಿತು. ಪಾಠವೆಲ್ಲ ತರಗತಿ ಬಿಟ್ಟು ಆಸ್ಪತ್ರೆಯ ಬಾಗಿಲಿಗೆ ಬಂತು. ಬಾಗಿಲಲ್ಲಿ ನಿಂತು ಬರೆಯುತ್ತಿದ್ದವಳು ಕೊನೆಗೆ ಒಳಗಿನ ಹಾಸಿಗೆಯಲ್ಲೇ ಮಲಗಿದಳು.

*

"ಇವತ್ತು ಒಬ್ಬರು ತಾಯಿ ಪೆಟ್ಟಿಗೆ ತೆಗೀರಿ ಅಂತ ಅಂಗಲಾಚ್ತಿದ್ರಮ್ಮ" ಎಂದು ಅವಳು ಫೋನಿನಲ್ಲಿ ಹೇಳಿದ್ದಳು. "ಅವರ ಬಗ್ಗೆ ಬರೆದೆ. ಮೇಷ್ಟ್ರು ಅದನ್ನ ಹೊಡೆದುಹಾಕಿದ್ರು. ಅಳು ಬೇಡ, ಜನ ಏನು ಮಾಡಬಾರದು ಅನ್ನೋದನ್ನ ಬರಿ ಅಂದ್ರು."

"ಸರಿಯಾಗೇ ಹೇಳಿದಾರೆ. ಊರಿಗೆಲ್ಲ ಹಬ್ಬಿಸೋಕಾಗತ್ತಾ? ಆಯಮ್ಮನಿಗೆ ಅಷ್ಟೂ ತಿಳಿಯಲ್ವಾ?"

"ತಿಳಿದಿತ್ತಮ್ಮ. ಆದ್ರೂ ಕೇಳ್ತಿದ್ರು."

ವರದಿ ಇಲ್ಲಿನ ಪತ್ರಿಕೆಯಲ್ಲೂ ಬಂತು. ರೋಗ ಇಲ್ಲಿಗೂ ಕಾಲಿಟ್ಟಾಗ ತಾಯಿಯೇ ಮೈದಾಹಿಟ್ಟಿನ ಅಂಟು ಕಾಯಿಸಿಕೊಂಡು ಬಂದು ಅದನ್ನು ಗೇಟಿಗೆ ಹಚ್ಚಿದ್ದಳು. ಮಗಳ ಮುಖ ಸುಕ್ಕಾಗದ ಹಾಗೆ ಅಂಗೈಯಿಂದ ತೀಡಿದ್ದಳು. ಅವತ್ತಿನ ಅವಳ ಹೆಮ್ಮೆ ಹೇಳತೀರದು.

*

"ಬಾಮ್ಮ, ಬಿಡು" ಎಂದು ಮಗ ದೂರದಿಂದಲೇ ಕರೆದ. ಹತ್ತಿರ ಬರಲು ಅವನಿಗೂ ಅಪ್ಪಣೆಯಿರಲಿಲ್ಲ.

ತಾಯಿ ಸಂದಿಯಿಂದ ಉಗುರು ತೆಗೆದಳು. "ಆಯ್ತು, ತೆಗೀಬೇಡಿ. ಅವಳ ಮಾತು ಮೀರಲ್ಲ. ತಲೆ ಯಾವ ಕಡೆ ಇದೆ, ಅದನ್ನಾದ್ರೂ ಹೇಳಿ."

ಇಲಾಖೆಯವನು ಬಗ್ಗಿ ನೋಡಿದ. ಪೆಟ್ಟಿಗೆಯ ಎರಡು ತುದಿಗಳೂ ಒಂದೇ ಥರ ಇದ್ದವು.

"ಗೊತ್ತಿಲ್ಲಮ್ಮ" ಎಂದ. ಜೇಬಿನಿಂದ ಕೈಗವಸೊಂದನ್ನು ತೆಗೆದುಕೊಟ್ಟು ಅತ್ತ ತಿರುಗಿ ನಿಂತ.

ಅಳತೆ ಮೀರಿದ ಆ ಕೈಗವಸು ತೊಟ್ಟು ತಾಯಿ ಒಂದು ತುದಿಯಲ್ಲಿ ಕೂತು ಅಂಗೈ ಇಟ್ಟಳು. ಆಮೇಲೆ ಎದ್ದು, ಇನ್ನೊಂದು ತುದಿಗೆ ಹೋಗಿ ಅಲ್ಲೂ ಇಟ್ಟಳು. ಮತ್ತೆ ಮೊದಲಿನ ತುದಿಗೆ ಬಂದಳು. ಗುಂಡಿಗಿಳಿಸಲು ಹಗ್ಗ ಹಿಡಿದವರು ಕಾಯುತ್ತಿದ್ದರು.